ನಖ್ಚಿವಾನ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಖ್ಚಿವಾನ್ ಇರುವುದೆಲ್ಲಿ? ಅದು ಪ್ರತ್ಯೇಕ ದೇಶವೇ?

ದೇಶವಲ್ಲ. ಅಜರ್‌ಬೈಜಾನಿಗೆ ಸೇರಿದ ಸ್ವಾಯತ್ತ ಪ್ರದೇಶ. ಆದರೆ ಅಜರ್‌ಬೈಜಾನಿನ ಉಳಿದ ನೆಲಕ್ಕೆ ಅದು ಎಲ್ಲೂ ತಾಗಿಕೊಂಡಿಲ್ಲ. ಉತ್ತರಕ್ಕೂ ಪೂರ್ವಕ್ಕೂ ಅರ್ಮೇನಿಯ, ದಕ್ಷಿಣ ಮತ್ತು ಪಶ್ಚಿಮಕ್ಕೆ ಅರಾಸ್ ನದಿಯಾಚೆ ಇರಾನ್, ವಾಯವ್ಯದ ಮೂಲೆಯಲ್ಲಿ ಟರ್ಕಿಯೊಂದಿಗೆ ಚಿಕ್ಕದೊಂದು ಗಡಿ. ಕೇರಳದೊಳಗಿರುವ ಮಾಹೆ ಪುದುಚೇರಿಗೆ ಸೇರಿದೆಯಲ್ಲ, ಹಾಗೆಯೇ ಇದು. ಆದರೆ ಇಲ್ಲಿ ನಡುವೆ ಬರುವುದು ಮೂರು ದಶಕ ಹಗೆ ಸಾಧಿಸಿದ ಇನ್ನೊಂದು ದೇಶ. ಎರಡು ತುಂಡುಗಳ ನಡುವಿನ ಅರ್ಮೇನಿಯದ ಪಟ್ಟಿ ಅರಾಸ್ ದಂಡೆಯಲ್ಲಿ ಬರೀ 40 ಕಿ.ಮೀ. ಚಿಲ್ಲರೆ ಅಗಲವಿದ್ದರೂ ಅದನ್ನು ದಾಟಿ ಹೋಗಲು ದಾರಿಯಿಲ್ಲ.

ವಿಸ್ತೀರ್ಣ ಸುಮಾರು 5,500 ಚದರ ಕಿ.ಮೀ., ಜನಸಂಖ್ಯೆ ನಾಲ್ಕೂವರೆ ಲಕ್ಷದ ಆಸುಪಾಸು. ರಾಜಧಾನಿಯ ಹೆಸರೂ ನಖ್ಚಿವಾನ್. ತನ್ನದೇ ಸಂಸತ್ತು, ತನ್ನದೇ ಸಂವಿಧಾನ ಇವೆ. ಇನ್ನೂ ಒಂದು ವಿಚಿತ್ರವೆಂದರೆ, ಈ ತುಂಡಿಗೂ ಒಂದು ತುಂಡು ಇತ್ತು. ಕಾರ್ಕಿ ಎಂಬ ಹಳ್ಳಿ ಸುತ್ತಲೂ ಅರ್ಮೇನಿಯದಿಂದ ಆವರಿಸಿಕೊಂಡಿದ್ದು, 1990ರಿಂದ ಅರ್ಮೇನಿಯದ ಹಿಡಿತದಲ್ಲೇ ಇದೆ. ಅಲ್ಲಿಂದ ಬಂದವರು ನಖ್ಚಿವಾನ್ ಒಳಗೆ ಅದೇ ಹೆಸರಿನ ಹೊಸ ಊರು ಕಟ್ಟಿಕೊಂಡರು.

ಇದು ಹೀಗೆ ಬೇರೆಯಾಗಿ ಉಳಿದದ್ದು ಹೇಗೆ?

ಇದನ್ನು ತಿಳಿಯದೆ ಹೋದರೆ ಅಲ್ಲಿ ಕಾಣುವ ಅರ್ಧ ಸಂಗತಿ ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಷ್ಯನ್ ಸಾಮ್ರಾಜ್ಯ ಕುಸಿದ ಮೇಲೆ ಅರ್ಮೇನಿಯ ಮತ್ತು ಅಜರ್‌ಬೈಜಾನ್ ಎರಡೂ ಈ ನೆಲ ತಮ್ಮದೆಂದು ಕಾದಾಡಿದವು. 1921ರ ಮಾರ್ಚ್‌ನಲ್ಲಿ ಮಾಸ್ಕೋ ಒಪ್ಪಂದ, ಅದೇ ವರ್ಷ ಅಕ್ಟೋಬರಿನಲ್ಲಿ ಕಾರ್ಸ್ ಒಪ್ಪಂದ. ಟರ್ಕಿಯವರೂ ಸೋವಿಯತ್ತಿನವರೂ ಕೂತು ನಖ್ಚಿವಾನನ್ನು ಅಜರ್‌ಬೈಜಾನಿನ ಆಶ್ರಯಕ್ಕೆ ಬಿಟ್ಟರು. 1924ರ ಫೆಬ್ರವರಿ 9ರಂದು ಅದು ಸ್ವಾಯತ್ತ ಸೋವಿಯತ್ ಗಣರಾಜ್ಯವಾಯಿತು. ಎಲ್ಲವೂ ಒಂದೇ ಸೋವಿಯತ್ ಒಕ್ಕೂಟವಾಗಿದ್ದಷ್ಟು ಕಾಲ ಗಡಿ ನಕ್ಷೆಯ ಮೇಲಿನ ಗೆರೆಯಷ್ಟೇ ಆಗಿತ್ತು. ಅಜರ್‌ಬೈಜಾನಿನ ರಾಜಧಾನಿ ಬಾಕುವಿನಿಂದ ಅರಾಸ್ ದಂಡೆಗುಂಟ ಹೊರಟ ರೈಲು ಅರ್ಮೇನಿಯದ ಮೆಘ್ರಿ ದಾಟಿ, ಜುಲ್ಫಾ, ನಖ್ಚಿವಾನ್ ಮೂಲಕ ಅರ್ಮೇನಿಯದ ರಾಜಧಾನಿ ಯೆರೆವಾನ್ ತಲುಪುತ್ತಿತ್ತು.

ಎರಡೂ ಕಡೆಯವರು ತಮ್ಮದೆಂದ ಕರಾಬಾಖ್ ಪ್ರದೇಶದ ಕಲಹ ಹೊತ್ತಿಕೊಂಡ ಮೇಲೆ ಆ ರೈಲು ನಿಂತಿತು. ವಿದ್ಯುತ್ತು, ಅನಿಲ ಎಲ್ಲಕ್ಕೂ ಬರ ಬಂತು. 90ರ ದಶಕದ ಚಳಿಗಾಲಗಳಲ್ಲಿ ಒಲೆಗೆ ಸೌದೆಯಿಲ್ಲದೆ ಜನ ಹಣ್ಣಿನ ಮರಗಳನ್ನೇ ಕಡಿದರು. ಐವತ್ತು ದಾಟಿದ ಯಾರನ್ನೇ ಮಾತಿಗೆಳೆಯಿರಿ, ಆ ಚಳಿಯ ನೆನಪು ಬಂದೇ ಬರುತ್ತದೆ. 1990ರ ಜನವರಿಯಲ್ಲಿ ಸೋವಿಯತ್ ಸೇನೆ ಬಾಕುವಿನಲ್ಲಿ ರಕ್ತ ಹರಿಸಿದಾಗ ನಖ್ಚಿವಾನಿನ ಸಂಸತ್ತು ಸೋವಿಯತ್ ಒಕ್ಕೂಟದಿಂದಲೇ ಹೊರಬಂದೆವೆಂದು ಘೋಷಿಸಿಬಿಟ್ಟಿತ್ತು. ಲಿಥುವೇನಿಯ ಅದೇ ಮಾತು ಹೇಳಿದ್ದು ಆ ವರ್ಷದ ಮಾರ್ಚ್ 11ರಂದು. ಇಷ್ಟು ಪುಟ್ಟ ಪ್ರದೇಶದ ಆ ಧೈರ್ಯ ಇತಿಹಾಸದಲ್ಲಿ ಸಿಗಬೇಕಾದ ಜಾಗ ಪಡೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ.

1992ರ ಮೇ ತಿಂಗಳಲ್ಲಿ ಸದರಕ್ ಬಳಿ ಅರಾಸ್ ನದಿಗೆ ಟರ್ಕಿಯತ್ತ ಸೇತುವೆ ತೆರೆಯಿತು. ಊರು ಉಸಿರಾಡಿದ್ದು ಆಮೇಲೆ.

ಅಲ್ಲಿಗೆ ತಲುಪುವುದು ಹೇಗೆ?

ಭಾರತದಿಂದ ಹೋಗುವವರಿಗೆ ನೆಚ್ಚಿಕೊಳ್ಳಬಹುದಾದ ದಾರಿ ಒಂದೇ: ಬಾಕು ತಲುಪಿ, ಅಲ್ಲಿಂದ ಒಳನಾಡಿನ ವಿಮಾನ. ಬೆಂಗಳೂರಿನಿಂದ ಬಾಕುವಿಗೆ ನೇರ ವಿಮಾನ ಇಲ್ಲ. ದೆಹಲಿಯಲ್ಲೋ ಕೊಲ್ಲಿ ದೇಶಗಳ ಯಾವುದಾದರೂ ನಿಲ್ದಾಣದಲ್ಲೋ ಬದಲಿಸಬೇಕು. ಬಾಕು–ನಖ್ಚಿವಾನ್ ಹಾರಾಟ ಸುಮಾರು ಒಂದು ಗಂಟೆಯದು, ದಿನಕ್ಕೆ ಹಲವು ಬಾರಿ ಇರುತ್ತದೆ. ಊರವರಿಗೆ ಬಸ್ಸಿದ್ದ ಹಾಗೆ ಈ ವಿಮಾನ. ಮದುವೆ, ಆಸ್ಪತ್ರೆ, ಕಾಲೇಜು ಎಲ್ಲದಕ್ಕೂ ಇದನ್ನೇ ಹತ್ತುತ್ತಾರೆ. ಆದ್ದರಿಂದ ಹೊಸ ವರ್ಷದ ಹಬ್ಬ ನವ್ರೂಜ್ ಬರುವ ಮಾರ್ಚ್ ಕೊನೆಯಲ್ಲೂ ಬೇಸಿಗೆ ರಜೆಯಲ್ಲೂ ಟಿಕೆಟ್ ಬೇಗ ಮುಗಿಯುತ್ತದೆ. ಬಾಕು ಹೋಟೆಲಿಗಿಂತ ಮೊದಲು ಈ ಟಿಕೆಟ್ ಕಾಯ್ದಿರಿಸಿ. ಒಳನಾಡಿನ ಹಾರಾಟವಾದರೂ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಇಸ್ತಾಂಬುಲ್‌ನಿಂದಲೂ ನಖ್ಚಿವಾನಿಗೆ ವಿಮಾನ ಉಂಟು.

ರಸ್ತೆಯಲ್ಲಿ ಹೋಗಬಹುದೇ? ಟರ್ಕಿಯ ಇಗ್ದಿರ್‌ನಿಂದ ಬಸ್ಸಿದೆ ಎಂದು ಓದಿದ್ದೆ.

ಹಳೆಯ ಪ್ರವಾಸ ಕಥನಗಳಲ್ಲಿ ಆ ಬಸ್ಸು ಧಾರಾಳವಾಗಿ ಬರುತ್ತದೆ. ಆದರೆ 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಅಜರ್‌ಬೈಜಾನ್ ತನ್ನ ಭೂಗಡಿಗಳನ್ನು ಪ್ರಯಾಣಿಕರಿಗೆ ಮುಚ್ಚಿತು, ಆಮೇಲೆ ಆ ಆದೇಶವನ್ನು ಮತ್ತೆ ಮತ್ತೆ ಮುಂದೂಡುತ್ತಾ ಬಂತು. ವಿಮಾನ ಮಾತ್ರವೇ ದಾರಿ ಎಂದುಕೊಂಡು ಯೋಜನೆ ಹಾಕಿ. ಗಡಿಯವರೆಗೆ ಹೋಗಿ ಅದೃಷ್ಟ ಪರೀಕ್ಷೆ ಮಾಡಬೇಡಿ.

ಅರ್ಮೇನಿಯದಿಂದ ನೇರವಾಗಿ ದಾಟುವಂತಿಲ್ಲ. 2025ರ ಆಗಸ್ಟ್ 8ರಂದು ವಾಷಿಂಗ್ಟನ್ನಿನಲ್ಲಿ ಎರಡೂ ದೇಶದ ನಾಯಕರು ಕೂತು, ಅರ್ಮೇನಿಯದ ದಕ್ಷಿಣ ಭಾಗದ ಮೂಲಕ ನಖ್ಚಿವಾನಿಗೆ ದಾರಿ ತೆರೆಯಲು ಒಪ್ಪಿದ್ದಾರೆ. ಅಮೆರಿಕದ ಅಧ್ಯಕ್ಷರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಆ ದಾರಿಯಲ್ಲಿ ನಿಜವಾಗಿ ರೈಲು ಓಡಿದ ದಿನ ಇಲ್ಲಿನ ಅರ್ಧ ಉತ್ತರಗಳನ್ನು ಬದಲಿಸಬೇಕಾಗುತ್ತದೆ, ಸಂತೋಷವಾಗಿ ಬದಲಿಸುತ್ತೇನೆ.

ವೀಸಾ ಬೇರೆ ಬೇಕೇ?

ಬೇಡ. ಅಜರ್‌ಬೈಜಾನಿನ ವೀಸಾ ಸಾಕು. ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ಸರ್ಕಾರದ 'ಆಸಾನ್ ವೀಸಾ' ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ಹೆಸರಿಗೆ ಹತ್ತಿರವಿರುವ ದಲ್ಲಾಳಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಸಾಮಾನ್ಯ ಅರ್ಜಿಗೆ ಮೂರು ಕೆಲಸದ ದಿನ, ಒಮ್ಮೆ ಪ್ರವೇಶ, 30 ದಿನದವರೆಗೆ ವಾಸ. 15 ದಿನಕ್ಕಿಂತ ಹೆಚ್ಚು ಇರುವವರು ವಲಸೆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಸಾಮಾನ್ಯವಾಗಿ ಹೋಟೆಲಿನವರೇ ಮಾಡಿಕೊಡುತ್ತಾರೆ, ಆದರೂ ಕೇಳಿ ಖಾತ್ರಿ ಮಾಡಿಕೊಳ್ಳಿ.

ಪಾಸ್‌ಪೋರ್ಟಿನಲ್ಲಿ ಅರ್ಮೇನಿಯದ ಮುದ್ರೆ ಇದ್ದರೆ ವಿಮಾನ ನಿಲ್ದಾಣದಲ್ಲಿ ಒಂದೆರಡು ಪ್ರಶ್ನೆ ಎದುರಾಗಬಹುದು. ಪ್ರವಾಸಕ್ಕೆ ಹೋಗಿದ್ದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ.

ಭಾರತೀಯರು ಈಗ ಅಲ್ಲಿಗೆ ಹೋಗುವುದು ಸರಿಯೇ?

2025ರ ಮೇ ತಿಂಗಳ ನಂತರ ಈ ಪ್ರಶ್ನೆ ಬರದ ದಿನವಿಲ್ಲ. ಭಾರತ–ಪಾಕಿಸ್ತಾನ ಸಂಘರ್ಷದಲ್ಲಿ ಅಜರ್‌ಬೈಜಾನ್ ಪಾಕಿಸ್ತಾನದ ಪರ ನಿಂತಿತು. ನಮ್ಮಲ್ಲಿ ಬಹಳ ಜನ ಪ್ರವಾಸ ರದ್ದು ಮಾಡಿದರು. ಅತ್ತ ಭಾರತ ಅರ್ಮೇನಿಯಕ್ಕೆ ಶಸ್ತ್ರಾಸ್ತ್ರ ಮಾರುತ್ತಿರುವುದು ಅಜರ್‌ಬೈಜಾನಿಗೆ ಹಿಡಿಸಿಲ್ಲ. ಹೋಗುವುದೋ ಬಿಡುವುದೋ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟ ವಿಷಯ. ಹೋಗುವುದಿಲ್ಲ ಎನ್ನುವವರ ನಿಲುವನ್ನು ನಾನು ಗೌರವಿಸುತ್ತೇನೆ.

ಜನ ಹೇಗೆ ಕಾಣುತ್ತಾರೆ ಎಂಬುದು ಬೇರೆ ಮಾತು. ಸೋವಿಯತ್ ಕಾಲದಲ್ಲಿ ಬೆಳೆದವರಿಗೆ ಇಂಡಿಯಾ ಎಂದರೆ ಇಂದಿಗೂ ರಾಜ್ ಕಪೂರ್. ಟ್ಯಾಕ್ಸಿಯಲ್ಲಿ ಕೂತ ಐದು ನಿಮಿಷಕ್ಕೆ ಒಂದು ಹಿಂದಿ ಹಾಡಿನ ಸಾಲು ಕೇಳಿದರೆ ಅಚ್ಚರಿಪಡಬೇಡಿ. ಬಾಕುವಿನ ಹತ್ತಿರದ ಸುರಖಾನಿ ಅಗ್ನಿ ದೇಗುಲದ ಗೋಡೆಗಳಲ್ಲಿ ದೇವನಾಗರಿ ಶಾಸನಗಳಿವೆ, ಗಣೇಶನಿಗೆ ನಮಸ್ಕಾರ ಹೇಳುವ ಸಾಲೂ ಇದೆ. ಉತ್ತರ ಭಾರತದ ವರ್ತಕರು ಅಲ್ಲಿಯವರೆಗೆ ಹೋಗಿ ನೆಲೆಸಿದ್ದರು. ನಖ್ಚಿವಾನ್ ವಿಮಾನಕ್ಕೆ ಮುಂಚೆ ಅರ್ಧ ದಿನ ಸಿಕ್ಕರೆ ನೋಡಿ ಬನ್ನಿ.

ಭದ್ರತೆ ಹೇಗಿದೆ?

ಊರೊಳಗೆ ಕಳವು, ಸುಲಿಗೆಯ ಭಯ ತೀರಾ ಕಡಿಮೆ. ರಾತ್ರಿ ಹತ್ತು ಗಂಟೆಗೂ ಹೆಂಗಸರು, ಮಕ್ಕಳು ಉದ್ಯಾನದಲ್ಲಿ ಕೂತಿರುತ್ತಾರೆ. ಬೀದಿಗಳ ಶುಚಿತ್ವ ಕಣ್ಣಿಗೆ ಹೊಡೆಯುತ್ತದೆ. ಅದರ ಹಿಂದೆ ಬಿಗಿ ಆಡಳಿತದ ನೆರಳೂ ಇದೆ. 1995ರಿಂದ 2022ರ ಕೊನೆಯವರೆಗೆ ಇಡೀ ಪ್ರದೇಶ ವಾಸಿಫ್ ತಾಲಿಬೋವ್ ಎಂಬ ಒಬ್ಬರ ಕೈಯಲ್ಲಿತ್ತು. ವಿದೇಶಿಯರು ಕಂಡರೆ ಪೊಲೀಸರು ಎಲ್ಲಿಂದ ಬಂದಿರಿ, ಎಲ್ಲಿ ಉಳಿದಿದ್ದೀರಿ ಎಂದು ವಿಚಾರಿಸುವುದು ಆ ಕಾಲದ ಅಭ್ಯಾಸ, ಇನ್ನೂ ಪೂರ್ತಿ ಹೋಗಿಲ್ಲ. ಪಾಸ್‌ಪೋರ್ಟ್ ತೋರಿಸಿ, ನಗುತ್ತಾ ಉತ್ತರಿಸಿ, ಅಲ್ಲಿಗೆ ಮುಗಿಯುತ್ತದೆ.

ನಿಜವಾದ ಎಚ್ಚರ ಬೇಕಾದದ್ದು ಗಡಿಯ ವಿಷಯದಲ್ಲಿ. ಇಲ್ಲಿ ಯಾವ ಕಡೆ ನಡೆದರೂ ಬೇಗ ಗಡಿ ಬರುತ್ತದೆ. ಸೇನಾ ನೆಲೆ, ಕಾವಲು ಗೋಪುರ, ಅರಾಸ್ ದಂಡೆಯ ಬೇಲಿ ಇವುಗಳ ಚಿತ್ರ ತೆಗೆಯಬೇಡಿ. ಡ್ರೋನ್ ಮನೆಯಲ್ಲೇ ಬಿಡಿ. ಅರ್ಮೇನಿಯದ ಕಡೆಯ ಗುಡ್ಡಗಳಲ್ಲಿ ಕಾಲುದಾರಿ ಹುಡುಕಿ ಹೋಗಬೇಡಿ. ಇರಾನಿನಲ್ಲಿ ಉದ್ವೇಗ ಹೆಚ್ಚಿದಾಗ ಇಲ್ಲೂ ಪರಿಸ್ಥಿತಿ ಬದಲಾಗುತ್ತದೆ. ಹೊರಡುವ ವಾರ ಭಾರತ ಸರ್ಕಾರದ ಪ್ರಯಾಣ ಸೂಚನೆ ಓದಿಯೇ ಹೊರಡಿ.

ಯಾವ ಕಾಲಕ್ಕೆ ಹೋಗಬೇಕು?

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೆರಳಿಗೆ ಮರವೂ ಇಲ್ಲದ ಬೋಳು ಗುಡ್ಡಗಳು. ಚಳಿಗಾಲ ಕಟುಕ.

ಎಷ್ಟು ದಿನ ಬೇಕು? ಒಂದೇ ದಿನದಲ್ಲಿ ಬಾಕುವಿನಿಂದ ಹೋಗಿ ಬರಬಹುದೇ?

ಬರಬಹುದು, ಆದರೆ ಬೇಡ. ಬೆಳಗಿನ ವಿಮಾನದಲ್ಲಿ ಬಂದು, ರಾಜಧಾನಿಯ ಹೆಸರಾಂತ ಗೋರಿಯ ಮುಂದೆ ಫೋಟೊ ತೆಗೆಸಿಕೊಂಡು, ಸಂಜೆಗೆ ಹಿಂದಿರುಗುವವರಿದ್ದಾರೆ. ಮೂರು ರಾತ್ರಿಯಾದರೂ ಇರಿ. ಒಂದು ದಿನ ರಾಜಧಾನಿಗೆ ಮತ್ತು ಉಪ್ಪಿನ ಗಣಿಗೆ, ಒಂದು ದಿನ ಅಲಿಂಜಾ ಕೋಟೆ ಮತ್ತು ಅಸ್ಹಾಬಿ ಕಹಫ್ ಗುಹೆಗೆ, ಒಂದು ದಿನ ಪೂರ್ತಿ ಓರ್ದುಬಾದ್ ಎಂಬ ಹಳೆಯ ಊರಿಗೆ. ನಾಲ್ಕನೆಯ ದಿನ ಸಿಕ್ಕರೆ ಶಾಹ್‌ಬುಜ್ ಕಡೆಯ ಬತಾಬಾತ್ ಕೆರೆ: ಎತ್ತರದ ಹುಲ್ಲುಗಾವಲು, ನೀರಿನ ಮೇಲೆ ಗಾಳಿಗೆ ಜರುಗುವ ತೇಲು ದ್ವೀಪ.

ರಾಜಧಾನಿಯಲ್ಲಿ ಏನು ನೋಡಬೇಕು?

ಮೊಮಿನೆ ಖಾತೂನ್ ಗೋರಿ. ಬೇರೇನೂ ನೋಡದಿದ್ದರೂ ಇದನ್ನು ಬಿಡಬೇಡಿ. 1186ರಲ್ಲಿ ಅಜಮಿ ಅಬೂಬಕರ್ ನಖ್ಚಿವಾನಿ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಹೊರಗಿನಿಂದ ಹತ್ತು ಮುಖ, ಒಳಗೆ ದುಂಡು. ಈಗ ಸುಮಾರು 25 ಮೀಟರ್ ಎತ್ತರ ಉಳಿದಿದೆ, ಮೇಲಿನ ಗುಡಾರದಂಥ ಶಿಖರ ಬಿದ್ದುಹೋಗಿದೆ. ಹತ್ತಿರ ಹೋಗಿ ಇಟ್ಟಿಗೆಗಳನ್ನು ನೋಡಿ. ಪ್ರತಿ ಮುಖದ ಮೇಲೂ ಬೇರೆ ಬೇರೆ ರೇಖಾ ವಿನ್ಯಾಸ; ಚಿಕ್ಕ ಚಿಕ್ಕ ಇಟ್ಟಿಗೆ ತುಂಡುಗಳನ್ನು ಜೋಡಿಸಿ ನಕ್ಷತ್ರ, ಷಟ್ಕೋನ, ಮತ್ತೆ ನಕ್ಷತ್ರ. ನಡುನಡುವೆ ಪಚ್ಚೆನೀಲಿ ಮೆರುಗಿನ ಚೂರುಗಳು. ಬೆಳಗ್ಗೆ ಓರೆ ಬಿಸಿಲು ಬೀಳುವಾಗ ಆ ಗೆರೆಗಳೆಲ್ಲ ಎದ್ದು ಬರುತ್ತವೆ, ಮಧ್ಯಾಹ್ನ ಹೋದರೆ ಚಪ್ಪಟೆಯಾಗಿ ಕಾಣುತ್ತವೆ. ಅದೇ ಶಿಲ್ಪಿ 1162ರಲ್ಲಿ ಕಟ್ಟಿದ ಯೂಸುಫ್ ಕುಸೆಯಿರ್ ಗೋರಿ ಇದೇ ಊರಿನಲ್ಲಿದೆ. ಮೊದಲು ಅದನ್ನು ನೋಡಿ ಆಮೇಲೆ ಇದನ್ನು ನೋಡಿದರೆ, ಒಬ್ಬ ಕಲಾವಿದ 24 ವರ್ಷದಲ್ಲಿ ಎಲ್ಲಿಗೆ ಬೆಳೆದ ಎಂಬುದು ಕಣ್ಣಿಗೇ ಕಾಣುತ್ತದೆ.

ಬೈಬಲಿನ ಪ್ರಳಯದ ಕಥೆಯಲ್ಲಿ ನಾವೆ ಕಟ್ಟಿದ ನೋಹನ ಗೋರಿ ಎಂದು ತೋರಿಸುವ ಕಟ್ಟಡ 2006ರಲ್ಲಿ ಮತ್ತೆ ಕಟ್ಟಿದ್ದು. ಪ್ರಳಯದ ನಂತರ ನೋಹ ಇಲ್ಲಿಯೇ ನೆಲೆ ನಿಂತನೆಂದು ಊರವರ ನಂಬಿಕೆ. ದೂರದಲ್ಲಿ ಕಾಣುವ, 2,415 ಮೀಟರ್ ಎತ್ತರದ ಇಲಾನ್‌ದಾಗ್ ಬೆಟ್ಟದ ತುದಿ ಸೀಳಿರುವುದು ಅವನ ನಾವೆ ತಾಗಿದ್ದರಿಂದಲೇ ಎನ್ನುತ್ತಾರೆ. ಬೆಟ್ಟ ಮಾತ್ರ ನಿಜಕ್ಕೂ ಗಂಭೀರ. ಹುಸೇನ್ ಜಾವಿದ್ ಎಂಬ ಕವಿಯ ಸಮಾಧಿಗೂ ಹೋಗಿ ಬನ್ನಿ. ಸ್ಟಾಲಿನ್ ಕಾಲದಲ್ಲಿ ಸೈಬೀರಿಯಕ್ಕೆ ಗಡೀಪಾರಾಗಿ 1941ರಲ್ಲಿ ಅಲ್ಲೇ ತೀರಿಕೊಂಡವರು. ಅವರ ಅಸ್ಥಿ ಹುಟ್ಟೂರಿಗೆ ಬಂದದ್ದು 1982ರಲ್ಲಿ.

ಉಪ್ಪಿನ ಗಣಿಯಲ್ಲಿ ಮಲಗುತ್ತಾರಂತೆ, ನಿಜವೇ?

ನಿಜ. ಊರಿನಿಂದ ಸ್ವಲ್ಪ ದೂರದ ದೂಜ್‌ದಾಗ್ ಗುಡ್ಡದೊಳಗೆ ಹಳೆಯ ಗಣಿಯ ಸುರಂಗಗಳನ್ನೇ ಉಬ್ಬಸ ರೋಗಿಗಳ ವಾರ್ಡ್ ಮಾಡಿದ್ದಾರೆ. ಸುರಂಗದೊಳಕ್ಕೆ ನಡೆಯುತ್ತಾ ಹೋದಂತೆ ಹೊರಗಿನ ಸೆಕೆ ಇಳಿದು ಒಂದು ಹದವಾದ ತಂಪು ಹಿಡಿಯುತ್ತದೆ. ವರ್ಷವಿಡೀ ಅದೇ ತಂಪು, 20 ಡಿಗ್ರಿಯ ಒಳಗೆ. ಗೋಡೆ ಬೂದು ಬಿಳಿ, ಯಂತ್ರದ ಹಲ್ಲಿನ ಗೀರುಗಳು ಇನ್ನೂ ಹಾಗೇ ಇವೆ. ಸ್ವಲ್ಪ ಹೊತ್ತಿಗೆ ತುಟಿಯ ಮೇಲೆ ಉಪ್ಪು ಗೊತ್ತಾಗುತ್ತದೆ. ಪಕ್ಕದ ಕೋಣೆಗಳಲ್ಲಿ ಸಾಲಾಗಿ ಮಂಚಗಳು, ಮಕ್ಕಳ ಚಪ್ಪಲಿಗಳು, ಹೊದಿಕೆ ಹೊದ್ದು ಪಿಸುಮಾತಾಡುವ ಅಜ್ಜಿಯರು. ರೋಗಿಗಳು ಸಂಜೆ ಒಳಗೆ ಹೋಗಿ ಬೆಳಗ್ಗೆ ಹೊರಬರುತ್ತಾರೆ.

ಉಬ್ಬಸ ಇರುವ ಕುಟುಂಬದವರು ಇದರ ಬಗ್ಗೆ ಆಸೆಯಿಂದ ಕೇಳುತ್ತಾರೆ. ಅಲ್ಲಿ ಉಸಿರು ಹಗುರಾಯಿತು ಎನ್ನುವವರು ಇದ್ದಾರೆ, ಆದರೆ ಉಪ್ಪಿನ ಗುಹೆ ಉಬ್ಬಸವನ್ನು ವಾಸಿ ಮಾಡುತ್ತದೆ ಎನ್ನಲು ಗಟ್ಟಿ ವೈದ್ಯಕೀಯ ಪುರಾವೆ ಇಲ್ಲ. ದಯವಿಟ್ಟು ಇನ್‌ಹೇಲರ್ ನಿಲ್ಲಿಸಬೇಡಿ, ನಿಮ್ಮ ವೈದ್ಯರನ್ನು ಕೇಳದೆ ಮಗುವನ್ನು ಕರೆದುಕೊಂಡು ಹೋಗಬೇಡಿ.

ಈ ಗುಡ್ಡದಲ್ಲಿ ಕ್ರಿ.ಪೂ. 4500ರ ಸುಮಾರಿಗೇ ಉಪ್ಪು ಅಗೆಯುತ್ತಿದ್ದ ಕುರುಹುಗಳು ಸಿಕ್ಕಿವೆ. ಜಗತ್ತಿನ ಅತಿ ಹಳೆಯ ಉಪ್ಪಿನ ಗಣಿಗಳ ಸಾಲಿನಲ್ಲಿ ಇದೂ ಒಂದು.

ಅಲಿಂಜಾ ಕೋಟೆ ಹತ್ತುವುದು ಕಷ್ಟವೇ?

ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬೆಳಗ್ಗೆ ಎಂಟಕ್ಕೆ ಮೊದಲು ಶುರುಮಾಡಿ, ತಲಾ ಎರಡು ಲೀಟರ್ ನೀರು ಒಯ್ಯಿರಿ, ದಾರಿಯಲ್ಲಿ ಅಂಗಡಿ ಇಲ್ಲ. ತೈಮೂರನ ಸೇನೆ ಈ ಕೋಟೆಯನ್ನು 1387ರಿಂದ ಹದಿನಾಲ್ಕು ವರ್ಷ ಕಾಡಿತು. ಮೇಲೆ ನಿಂತು ಕೆಳಗಿನ ಕಡಿದಾದ ಬಂಡೆ ನೋಡಿದರೆ ಅಷ್ಟು ಕಾಲ ಏಕೆ ಹಿಡಿಯಿತೆಂದು ಯಾರೂ ವಿವರಿಸಬೇಕಿಲ್ಲ. ಮಳೆನೀರು ಹಿಡಿದಿಡಲು ಬಂಡೆಯಲ್ಲೇ ಕೊರೆದ ತೊಟ್ಟಿಗಳಿವೆ. ನಮ್ಮ ಚಿತ್ರದುರ್ಗ ನೋಡಿದವರು ಅವುಗಳ ಮುಂದೆ ತುಸು ಹೆಚ್ಚೇ ಹೊತ್ತು ನಿಲ್ಲುತ್ತಾರೆ.

ಓರ್ದುಬಾದ್ ಅಷ್ಟು ದೂರ ಹೋಗುವಂಥದ್ದೇ?

ಹೌದು. ಒಂದೂವರೆ ಗಂಟೆಯ ದಾರಿ, ಬಲಕ್ಕೆ ಅರಾಸ್, ಆಚೆ ದಡದಲ್ಲಿ ಇರಾನಿನ ಕೆಂಪು ಬೆಟ್ಟಗಳು. ಊರು ತಲುಪಿದರೆ ಮಣ್ಣಿನ ಗೋಡೆಗಳ ಸಣ್ಣ ಓಣಿಗಳು, ಮುದಿ ಚಿನಾರ್ ಮರಗಳು, ಹರಿಯುವ ಕಾಲುವೆ. ಹಿಪ್ಪುನೇರಳೆ ಮರಗಳು ಎಲ್ಲೆಲ್ಲೂ ಇವೆ, ಒಂದು ಕಾಲಕ್ಕೆ ಇದು ರೇಷ್ಮೆಯ ಊರು. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಮಾತಿಗೆ ವಿಷಯ ಸಿಗುತ್ತದೆ. ಇಲ್ಲಿನ ನಿಂಬೆ ದೇಶಕ್ಕೆಲ್ಲ ಹೆಸರುವಾಸಿ. ಹಿಮ ಬೀಳುವ ನಾಡಿನಲ್ಲಿ ನಿಂಬೆ ಬೆಳೆಸುವುದು ಹುಡುಗಾಟವಲ್ಲ, ಚಳಿಗಾಲವಿಡೀ ಗಿಡಗಳನ್ನು ಮುಚ್ಚಿ ಸಾಕುತ್ತಾರೆ. ಸಿಪ್ಪೆ ತೆಳು, ಪರಿಮಳ ಗಾಢ. ಚಹಾದಂಗಡಿಯಲ್ಲಿ ಕೂತು ಒಂದು ಬಿಲ್ಲೆ ಹಾಕಿಸಿ ಕುಡಿಯಿರಿ.

ಅರ್ಮೇನಿಯನ್ ಸ್ಮಾರಕಗಳು ಉಳಿದಿವೆಯೇ?

ಹೆಚ್ಚುಕಡಿಮೆ ಏನೂ ಉಳಿದಿಲ್ಲ. ಇದನ್ನು ಹೇಳದೆ ನಖ್ಚಿವಾನ್ ಬಗ್ಗೆ ಬರೆಯುವುದು ತಪ್ಪಾಗುತ್ತದೆ.

ಜುಲ್ಫಾದ ಹೊರಗೆ, ಅರಾಸ್ ದಂಡೆಯಲ್ಲಿ, ಅರ್ಮೇನಿಯನ್ನರ ದೊಡ್ಡ ಸ್ಮಶಾನವಿತ್ತು. ಶಿಲುಬೆ ಕೆತ್ತಿದ ನಿಲುಗಲ್ಲುಗಳು, ಖಚ್ಕಾರ್‌ಗಳು, ಸಾವಿರಗಟ್ಟಲೆ ನಿಂತಿದ್ದವು. 1998ರಲ್ಲಿ ಶುರುವಾದ ನಾಶ 2005ರ ಡಿಸೆಂಬರಿನಲ್ಲಿ ಪೂರ್ತಿಯಾಯಿತು. ಸೈನಿಕರು ಸುತ್ತಿಗೆಯಿಂದ ಕಲ್ಲು ಒಡೆಯುವುದನ್ನು ಇರಾನಿನ ದಡದಿಂದ ಚಿತ್ರೀಕರಿಸಲಾಗಿದೆ. ಹಳೆಯ ಉಪಗ್ರಹ ಚಿತ್ರ, ನಕ್ಷೆಗಳನ್ನು ಹೋಲಿಸಿ ಸಂಶೋಧಕರು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರು ಗುರುತಿಸಿದ 110 ಅರ್ಮೇನಿಯನ್ ಮಠ, ಚರ್ಚು, ಸ್ಮಶಾನಗಳಲ್ಲಿ 108 ನಾಶವಾಗಿವೆ. ಅಜರ್‌ಬೈಜಾನ್ ಸರ್ಕಾರ ಇದನ್ನು ಒಪ್ಪುವುದಿಲ್ಲ.

ಅಲ್ಲಿ ಹೋಗಿ ನಿಮ್ಮ ಗೈಡ್ ಜೊತೆಗೋ ಚಾಲಕನ ಜೊತೆಗೋ ಈ ಚರ್ಚೆ ತೆಗೆಯಬೇಡಿ. ನೀವು ನಾಳೆ ಊರಿಗೆ ಮರಳುತ್ತೀರಿ, ಅವರು ಅಲ್ಲೇ ಬದುಕಬೇಕು. ಆದರೆ ಓದಿಕೊಂಡು ಹೋಗಿ. ಅಜಮಿಯ ಇಟ್ಟಿಗೆ ಕೆಲಸವನ್ನು ಮನಸಾರೆ ಮೆಚ್ಚುವಾಗಲೂ, ಅದೇ ನೆಲದಲ್ಲಿ ಇನ್ನೊಂದು ಜನರ ಕಲ್ಲುಕೆಲಸ ಇಲ್ಲವಾಗಿದೆ ಎಂಬುದು ತಿಳಿದಿರಲಿ. ನದಿಯಾಚೆ ಇರಾನಿನಲ್ಲಿ ಅದೇ ಪರಂಪರೆಯ ಸಂತ ಸ್ಟೆಪನೋಸ್ ಮಠ ಯುನೆಸ್ಕೊ ಪಟ್ಟಿಯಲ್ಲಿ ಸೇರಿ ಸುರಕ್ಷಿತವಾಗಿ ನಿಂತಿದೆ.

ನಾವು ಶಾಕಾಹಾರಿಗಳು. ಊಟಕ್ಕೇನು?

ಹಸಿವಿನಿಂದ ಇರಬೇಕಾಗಿಲ್ಲ, ಆದರೆ ಹುಡುಕಬೇಕು. ಬೆಳಗಿನ ತಿಂಡಿ ನಿಮ್ಮ ದೊಡ್ಡ ಊಟವಾಗಲಿ: ತಂದೂರಿನ ಬಿಸಿ ರೊಟ್ಟಿ, ಚೀಸು, ಬೆಣ್ಣೆ, ಜೇನು, ಟೊಮೆಟೊ, ಸೌತೆ, ವಾಲ್ನಟ್. ಸೊಪ್ಪು ತುಂಬಿ ಕಾವಲಿಯ ಮೇಲೆ ಬೇಯಿಸುವ ಕುತಾಬ್ ನಮ್ಮ ಬಾಯಿಗೆ ಬೇಗ ಹಿಡಿಸುತ್ತದೆ. ದೋವ್ಗಾ ಎಂಬುದು ಮೊಸರಿನಲ್ಲಿ ಸೊಪ್ಪು, ಅಕ್ಕಿ ಹಾಕಿ ಕುದಿಸಿದ ಸಾರು. ಕೆಲವು ಕಡೆ ಮಾಂಸದ ಉಂಡೆ ಸೇರಿಸುತ್ತಾರೆ, ಕೇಳಿಕೊಳ್ಳಿ. ಬೇಳೆ ಸೂಪನ್ನೂ ಹಲವೆಡೆ ಮಾಂಸದ ನೀರಿನಲ್ಲೇ ಮಾಡುತ್ತಾರೆ. "ಆತ್ಸಿಜ್" ಎಂದರೆ ಮಾಂಸ ಹಾಕದ್ದು. ಈ ಒಂದು ಮಾತು ಕಲಿತು ಹೋಗಿ. ಮೊಟ್ಟೆ ತಿನ್ನುವವರು ಓರ್ದುಬಾದಿನ ಸಿಹಿ ಆಮ್ಲೆಟ್, ಕಾಯ್‌ಗಾನಾಕ್, ಕೇಳಿ. ಬೆಳ್ಳುಳ್ಳಿ, ಈರುಳ್ಳಿ ಬಿಟ್ಟವರು, ಜೈನ ಊಟದವರು ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ. ಚಟ್ನಿಪುಡಿ ಒಯ್ಯಿರಿ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಕುಡಿಯಲು ಇಲ್ಲಿಯದೇ ಖನಿಜ ನೀರು, ಸಿರಾಬ್ ಮತ್ತು ಬದಾಮ್ಲಿ, ಎಲ್ಲೆಡೆ ಸಿಗುತ್ತದೆ.

ಹಣ, ಭಾಷೆ, ಓಡಾಟ?

ನಾಣ್ಯ ಮನಾತ್, ಒಂದು ಡಾಲರಿಗೆ 1.70 ಮನಾತ್, ಹಲವು ವರ್ಷದಿಂದ ಇದೇ ದರ. ರೂಪಾಯಿ ಬದಲಿಸಿಕೊಡುವವರಿಲ್ಲ, ಡಾಲರ್ ಅಥವಾ ಯೂರೊ ಒಯ್ಯಿರಿ. ಹಳ್ಳಿ ಕಡೆ ನಗದೇ ಬೇಕು. ಇಂಗ್ಲಿಷ್ ಕಡಿಮೆ, ಅಜರ್‌ಬೈಜಾನಿ ಭಾಷೆ ಟರ್ಕಿಶ್‌ಗೆ ಬಹಳ ಹತ್ತಿರ, ಹಾಗಾಗಿ ಟರ್ಕಿಶ್ ತುಸು ಬಂದರೂ ದಾರಿ ಸಾಗುತ್ತದೆ. ಫೋನಿನಲ್ಲಿ ಅನುವಾದದ ಆ್ಯಪ್ ಇರಲಿ. ಸುತ್ತಾಟಕ್ಕೆ ಇಡೀ ದಿನಕ್ಕೆ ಟ್ಯಾಕ್ಸಿ ಮಾತಾಡಿಕೊಳ್ಳುವುದೇ ವಾಸಿ; ಹೋಟೆಲಿನವರ ಮುಂದೆಯೇ ದರ ನಿಗದಿ ಮಾಡಿ, ಕಾಯುವ ಹೊತ್ತೂ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಗಡಿಯಾರವನ್ನು ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ ತಿರುಗಿಸಬೇಕು.

ಉಡುಪಿನ ಕಟ್ಟುಪಾಡು ಇದೆಯೇ? ಒಂಟಿ ಹೆಂಗಸರು ಹೋಗಬಹುದೇ?

ಹೋಗಬಹುದು. ಬಾಕುವಿಗಿಂತ ಇಲ್ಲಿ ಸಂಪ್ರದಾಯ ಹೆಚ್ಚು, ಮೈ ಮುಚ್ಚುವ ಬಟ್ಟೆ ಇದ್ದರೆ ನಿಮಗೇ ಹಾಯಾಗಿರುತ್ತದೆ. ಚೂಡಿದಾರ್ ಹಾಕಿದವರನ್ನು ಕಂಡರೆ ಊರ ಹೆಂಗಸರೇ ಬಂದು ಬಟ್ಟೆ ಮುಟ್ಟಿ ನೋಡಿ ಮಾತಾಡಿಸುತ್ತಾರೆ. ಅಸ್ಹಾಬಿ ಕಹಫ್‌ನಂಥ ಪವಿತ್ರ ಸ್ಥಳಕ್ಕೆ ಹೆಂಗಸರು ತಲೆಗೆ ದುಪಟ್ಟಾ ಹೊದೆಯಬೇಕು. ಶತಮಾನಗಳ ಕಾಲ ಗುಹೆಯಲ್ಲಿ ನಿದ್ರಿಸಿ ಎದ್ದ ಭಕ್ತರ ಕಥೆ ಕುರಾನಿನಲ್ಲಿದೆ. ಆ ಗುಹೆ ಇದೇ ಎಂದು ಇಲ್ಲಿಯವರು ನಂಬುತ್ತಾರೆ, ಹರಕೆ ಹೊತ್ತು ಬರುತ್ತಾರೆ. ಸದ್ದು ಮಾಡದೆ ನೋಡಿ ಬನ್ನಿ.

ಕುಣಿತ, ಹಬ್ಬ ನೋಡಲು ಸಿಗುತ್ತದೆಯೇ?

ಕೈ ಕೈ ಹಿಡಿದು ಸಾಲಾಗಿ ಕುಣಿಯುವ ಯಲ್ಲಿ ಈ ನಾಡಿನ ಹೆಮ್ಮೆ. 2018ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ನವ್ರೂಜ್ ಹಬ್ಬಕ್ಕೆ ಹೋದರೆ ನೋಡುವ ಅವಕಾಶ ಹೆಚ್ಚು. ಶರೂರ್ ಕಡೆಯ ಮದುವೆಗೆ ಯಾರಾದರೂ ಕರೆದರೆ ಬೇರೆಲ್ಲ ಬಿಟ್ಟು ಹೋಗಿ.

ಮನೆಗೆ ಏನು ತರಬಹುದು?

ಓರ್ದುಬಾದಿನ ಒಣ ಹಣ್ಣುಗಳು, ಅದರಲ್ಲೂ ಒಣಗಿಸಿದ ಪೀಚ್ ಒಳಗೆ ವಾಲ್ನಟ್, ಸಕ್ಕರೆ ತುಂಬಿದ ಅಲಾನಾ. ಜೇನು ಒಳ್ಳೆಯದು, ಚೆಕ್-ಇನ್ ಚೀಲದಲ್ಲಿಡಿ. ರತ್ನಗಂಬಳಿ ಕೊಂಡರೆ ಅಂಗಡಿಯವರಿಂದ ರಶೀದಿಯ ಜೊತೆ ರಫ್ತು ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಅದಿಲ್ಲದೆ ಬಾಕು ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.